ಹೆಸರು ಸಿಕ್ಕ ಕಬ್ಬಿಣ

ಗುಜರಿ ರಾಶಿಯೊಳಗಿಂದ ಅಂಗೈಯಗಲದ ಒಂದು ಕಬ್ಬಿಣದ ತುಂಡು ಹೊರಬರುತ್ತದೆ. ಮೇಲೆಲ್ಲ ತುಕ್ಕು, ತುಕ್ಕಿನಡಿ ಅಲ್ಲಲ್ಲಿ ಹಸಿರು ಬಣ್ಣ. ವೈರ್ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದರೆ ಮೂಲೆಯಲ್ಲಿ ಕಾಗೆಯ ಹೆಜ್ಜೆಯಂಥ ಮೂರು ಗೀಟು. ಬಾಣದ ಮೊನೆಯ ಆ ಗುರುತು ಬ್ರಿಟಿಷ್ ಸರ್ಕಾರದ ಸೊತ್ತಿನದು. ಇನ್ನೂ ಉಜ್ಜಿದರೆ ಬಾಣವನ್ನು ತಬ್ಬಿಕೊಂಡ ‘ಸಿ’ ಅಕ್ಷರ. ಹಾಗಾದರೆ ಇದು ಕೆನಡಾದ್ದು. ಪಕ್ಕದಲ್ಲಿ ಅರ್ಧ ಸವೆದ ಅಂಕೆಗಳು. ಹಳೆಯ ಬಿಡಿಭಾಗಗಳ ಪಟ್ಟಿ ತೆರೆದು, ಭೂತಗನ್ನಡಿ ಹಿಡಿದು, ಆ ಅಂಕೆಗಳನ್ನು ಒಂದೊಂದಾಗಿ ಹೊಂದಿಸುತ್ತ ಹೋದರೆ ತುಂಡಿಗೆ ಹೆಸರು ಸಿಗುತ್ತದೆ. ಇಷ್ಟು ಹೊತ್ತು ಕಿಲೊ ಲೆಕ್ಕದಲ್ಲಿ ತೂಗುವಂತಿದ್ದದ್ದು ಈಗ ಇಪ್ಪತ್ತೈದು ಪೌಂಡರ್ ತೋಪಿನ ಒಂದು ಅಂಗ. ಕಬ್ಬಿಣ ಬದಲಾಗಲಿಲ್ಲ, ಕೈಯಲ್ಲಿ ಹಿಡಿಯುವ ರೀತಿ ಮಾತ್ರ ಬದಲಾಯಿತು. ನನ್ನನ್ನು ಮೊದಲು ಬೆರಗುಗೊಳಿಸಿದ್ದು ಇದೇ.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಅದರ ಜೊತೆಗಿದ್ದ ನಾಡುಗಳ ಫಿರಂಗಿ ದಳಗಳು ನೆಚ್ಚಿಕೊಂಡಿದ್ದ ತೋಪು ಇದು. 25 ಪೌಂಡಿನ, ಅಂದರೆ ಹನ್ನೊಂದು ಕಿಲೊ ಮೀರಿದ ಗುಂಡನ್ನು 12 ಕಿಲೊಮೀಟರ್ ಆಚೆಗೆ ಎಸೆಯುತ್ತಿತ್ತು. 1942ರ ಅಕ್ಟೋಬರ್ 23ರ ರಾತ್ರಿ ಈಜಿಪ್ಟಿನ ಅಲ್ ಅಲಮೈನ್ ಮರಳಿನಲ್ಲಿ ಒಟ್ಟಿಗೆ ಗುಡುಗಿದ ಸುಮಾರು 900 ತೋಪುಗಳಲ್ಲಿ ಹೆಚ್ಚಿನವು ಇವೇ. ಸ್ವಾತಂತ್ರ್ಯದ ನಂತರ ಭಾರತದ ಸೇನೆಯಲ್ಲೂ ಬಹುಕಾಲ ದುಡಿದವು. ಸೇನೆಗಳು ಕೈಬಿಟ್ಟ ಮೇಲೆ ಕೆಲವು ಸ್ಮಾರಕಗಳ ಮುಂದೆ ನಿಂತವು, ಕೆಲವು ಕುಲುಮೆಗೆ ಹೋದವು, ಕೆಲವು ಹರಾಜಿನಲ್ಲಿ ಬಿಡಿಬಿಡಿಯಾಗಿ ಚದುರಿಹೋದವು. ಆ ಚದುರಿದ್ದನ್ನು ಕೂಡಿಸಲು ಹೊರಟವರಿದ್ದಾರೆ. ಅವರನ್ನು ನೆನೆದಾಗೆಲ್ಲ ನನ್ನೊಳಗೆ ಒಂದು ಅಳುಕು ಏಳುತ್ತದೆ. ಕೊಲ್ಲಲೆಂದೇ ಹುಟ್ಟಿದ ಯಂತ್ರಕ್ಕೆ ಇಷ್ಟು ಆರೈಕೆಯೇ? ಅಳುಕು ಹೋಗುವುದಿಲ್ಲ, ಹೋಗಬಾರದು ಕೂಡ. ಆದರೂ ಅವರ ಬೆರಳುಗಳನ್ನು ನೋಡುತ್ತ ಕುಳಿತರೆ ಬೇರೆ ಏನೋ ಕಾಣಿಸತೊಡಗುತ್ತದೆ.

ಒಂದು ಬೋಲ್ಟನ್ನೇ ತೆಗೆದುಕೊಳ್ಳಿ. ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಇಂಗ್ಲೆಂಡಿಗೆ ಹೇಳಿಕೊಟ್ಟ ಮರೆಯ, ಅಂದರೆ ಬೋಲ್ಟಿನ ಸುರುಳಿ ಗೀರಿನ, ಕೋನ 55 ಡಿಗ್ರಿ. ಅಮೆರಿಕದವರದು 60. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಮರೆ, ಅಮೆರಿಕದ ಸಾದಾ ಬೋಲ್ಟಿಗೆ 13. ಕಣ್ಣಿಗೆ ಎರಡೂ ಅವಳಿ ಮಕ್ಕಳು. ನಟ್ಟು ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಕಚ್ಚಿಕೊಳ್ಳುತ್ತದೆ. ಅಲ್ಲಿ ಬಲ ಹಾಕಿದರೆ ಮರೆಯೇ ಹಾಳು. ಈ ಐದು ಡಿಗ್ರಿಯ ವ್ಯತ್ಯಾಸ ಯುದ್ಧಕಾಲದಲ್ಲಿ ಒಂದೇ ಪಾಳಯದ ದೇಶಗಳನ್ನು ಎಷ್ಟು ಕಾಡಿತೆಂದರೆ, 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಒಟ್ಟಿಗೆ ಕುಳಿತು ಒಂದೇ ಮರೆಗೆ ಒಪ್ಪಿಕೊಂಡವು. ಈ ತೋಪು ಆ ಒಪ್ಪಂದಕ್ಕಿಂತ ಹಳೆಯದು. ಅದಕ್ಕೆ ಇಂದಿನ ಅಂಗಡಿಯ ಬೋಲ್ಟು ಆಗದು.

ಹಾಗಿದ್ದೂ ಕೆನಡಾದ ಸೊರೆಲ್ ಪಟ್ಟಣದಲ್ಲಿ ತಯಾರಾದ ಭಾಗ ಇಂಗ್ಲೆಂಡಿನಲ್ಲಿ ತಯಾರಾದ ತೋಪಿಗೆ ಕೂರುತ್ತದೆ. ಎರಡು ಕಾರ್ಖಾನೆಗಳ ನಡುವೆ ಒಂದು ಇಡೀ ಸಾಗರ. ಈ ತುಂಡನ್ನು ಕಡೆದವನು ಅದು ಕೂರುವ ತೋಪನ್ನು ನೋಡಿಯೇ ಇಲ್ಲ. ಅವನ ಕೈಗೆ ಬಂದದ್ದು ಒಂದು ನಕ್ಷೆ, ಒಂದಿಷ್ಟು ಅಳತೆ. ಈ ಬಗೆಯ ಯೋಚನೆ ಹಳೆಯದು. ಫ್ರಾನ್ಸಿನ ಸೇನಾಧಿಕಾರಿ ಗ್ರಿಬೋವಾಲ್ 1765ರಲ್ಲಿ ಫಿರಂಗಿ ಗಾಡಿಗಳ ಅಳತೆಗಳನ್ನು ಏಕರೂಪಕ್ಕೆ ತಂದ. ಒಂದು ಗಾಡಿಯ ಚಕ್ರ ಮುರಿದರೆ ಇನ್ನೊಂದರದನ್ನು ಹಾಕಲಿ ಎಂಬುದು ಅವನ ಎಣಿಕೆ. ಗುರುತು ಪರಿಚಯ ಇಲ್ಲದವರ ಕೆಲಸಗಳು ಒಂದಕ್ಕೊಂದು ಕೂಡಬೇಕೆಂಬ ಯೋಚನೆ ಬೇರುಬಿಟ್ಟ ಮೊದಲ ತಾಣಗಳಲ್ಲಿ ಫಿರಂಗಿ ಗಾಡಿಯೂ ಒಂದು. ಇಂದು ನಮ್ಮ ಅಡುಗೆಮನೆಯ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ತಂದು ಕೂರಿಸುವಾಗ ನಾವು ಅದನ್ನು ಯೋಚಿಸುವುದೇ ಇಲ್ಲ.

ಸೇನೆಯ ಪಟ್ಟಿಗಳಲ್ಲಿ ಹೆಸರಿಡುವ ಬಗೆಯೂ ಚೆಂದ. ಮೊದಲು ಜಾತಿ, ಆಮೇಲೆ ಗುಣ: ‘ಸ್ಪ್ಯಾನರ್, ಅಡ್ಜಸ್ಟಬಲ್’. ನಮ್ಮ ಮನೆಯಲ್ಲಾದರೆ ‘ಸೌಟು, ಹಿತ್ತಾಳೆಯದು, ಸಾರಿಗೆ’ ಎಂದು ಬರೆದಂತೆ. ಬಿಡಿಭಾಗ ಹುಡುಕುವವರು ವರ್ಷಗಟ್ಟಲೆ ಈ ಭಾಷೆಯಲ್ಲೇ ಯೋಚಿಸುತ್ತಾರೆ. ಪತ್ರ ಬರೆಯುತ್ತಾರೆ, ಸಂತೆಗಳಲ್ಲಿ ಬಗ್ಗಿ ಬಗ್ಗಿ ನೋಡುತ್ತಾರೆ, ಒಬ್ಬನಲ್ಲಿ ಎರಡಿದ್ದದ್ದನ್ನು ಇನ್ನೊಬ್ಬನಲ್ಲಿ ಎರಡಿದ್ದದ್ದಕ್ಕೆ ಬದಲಿಸಿಕೊಳ್ಳುತ್ತಾರೆ. ಎಲ್ಲೂ ಸಿಗದಿದ್ದರೆ ಲೇತ್ ಮುಂದೆ ನಿಂತು ತಾವೇ ಕಡೆಯುತ್ತಾರೆ. ಆದರೆ ಹಳೆಯ ಗುರುತನ್ನು ಹೊಸ ತುಂಡಿನ ಮೇಲೆ ಒತ್ತುವುದನ್ನು ನಾನು ಒಪ್ಪಲಾರೆ. ಹೊಸದು ತಾನು ಹೊಸದೆಂದೇ ಹೇಳಿಕೊಳ್ಳಬೇಕು.

ಸುಲಭಕ್ಕೆ ಸಿಗದ ಅಂಗವೆಂದರೆ ಡಯಲ್ ಸೈಟ್, ತೋಪಿನ ಕಣ್ಣು. ಸ್ಮಾರಕಕ್ಕೆ ಕೊಡುವ ಮೊದಲೇ ಅದನ್ನು ಬಿಚ್ಚಿಡುವುದು ವಾಡಿಕೆ. ಈ ಕಣ್ಣಿನ ಕೆಲಸ ವಿಚಿತ್ರ. ಗುಡ್ಡದ ಮರೆಯಲ್ಲಿ ನಿಂತ ತೋಪಿಗೆ ಗುರಿ ಕಾಣುವುದಿಲ್ಲ. ಹಾಗಾಗಿ ಗೋಲಂದಾಜ ಗುರಿಯನ್ನು ಬಿಟ್ಟು ಬೇರೆಲ್ಲೋ ಕಾಣುವ ಮರವನ್ನೋ ಗೋಪುರವನ್ನೋ ನೋಡುತ್ತಾನೆ, ಅದರಿಂದ ಎಷ್ಟು ಕೋನ ಎಂದು ಲೆಕ್ಕ ಹಿಡಿಯುತ್ತಾನೆ. ತಾನು ಎಸೆದದ್ದು ಯಾರ ಮೇಲೆ ಬಿತ್ತೆಂದು ಅವನಿಗೆ ಕಾಣುವುದೇ ಇಲ್ಲ. ನನ್ನ ಅಳುಕು ಮತ್ತೆ ತಲೆ ಎತ್ತುವುದು ಇಲ್ಲಿ.

ಸೈಟಿನ ತಲೆ ಸುತ್ತಲೂ ತಿರುಗುತ್ತದೆ, ಕಣ್ಣಿಡುವ ಜಾಗ ಮಾತ್ರ ಅಲ್ಲೇ ಇರುತ್ತದೆ. ಹಾಗೆ ತಿರುಗಿದಾಗ ಒಳಗಿನ ಬಿಂಬ ವಾಲಬೇಕಿತ್ತು. ವಾಲದಂತೆ ಒಳಗೊಂದು ಗಾಜಿನ ಪ್ರಿಸಂ ಇದೆ. ತಲೆಯ ಅರ್ಧ ವೇಗದಲ್ಲಿ ಅದೂ ತಿರುಗುತ್ತಿರುತ್ತದೆ. ಕೊನೆಗೂ ದೊರೆತ ಸೈಟನ್ನು ಒರೆಸಿ, ಅದರ ಜಾಗದಲ್ಲಿ ಕೂರಿಸಿ, ತಿರುಪನ್ನು ಬಿಗಿದು, ಕಣ್ಣಿಟ್ಟು ನೋಡುವ ಒಬ್ಬನನ್ನು ನಾನು ಕಲ್ಪಿಸಿಕೊಳ್ಳುತ್ತೇನೆ. ಹೊಲದಾಚೆ ಇಗರ್ಜಿಯ ಗೋಪುರ. ಅವನು ಸೈಟಿನ ತಲೆಯನ್ನು ನಿಧಾನವಾಗಿ ತಿರುಗಿಸುತ್ತಾನೆ. ಗೋಪುರ ಜರುಗುತ್ತದೆ, ಬೇಲಿ ಬರುತ್ತದೆ, ಮೇಯುವ ದನ, ಒಣಹಾಕಿದ ಬಟ್ಟೆ. ಎಲ್ಲವೂ ನೆಟ್ಟಗೆ ನಿಂತಿವೆ.