ಉಳಿದ ಗುರುತು

ಚರ್ಮದ ಕೋಶಕ್ಕೆ ತಾನು ಚರ್ಮ ಎಂಬುದನ್ನು ಮರೆಸುವುದು ನನ್ನ ಪಿಎಚ್‌ಡಿ ಕೆಲಸ. ಜಪಾನಿನ ಶಿನ್ಯಾ ಯಮನಾಕಾ ಅವರ ತಂಡ 2006ರಲ್ಲಿ ಇಲಿಯ ಕೋಶಗಳಲ್ಲಿ, 2007ರಲ್ಲಿ ಮನುಷ್ಯರ ಕೋಶಗಳಲ್ಲಿ ಇದನ್ನು ಮಾಡಿ ತೋರಿಸಿತು. ನಾಲ್ಕು ಜೀನ್‌ಗಳನ್ನು ಒಳಗೆ ಸೇರಿಸಿದರೆ, ಕೆಲವು ವಾರಗಳಲ್ಲಿ ಕೆಲವೇ ಕೋಶಗಳು ಹಿಂದಕ್ಕೆ ನಡೆದು ಆಕರಕೋಶಗಳಾಗುತ್ತವೆ. ಅಲ್ಲಿಂದ ಅವು ನರವೂ ಆಗಬಲ್ಲವು, ಹೃದಯವೂ ಆಗಬಲ್ಲವು.

ಇಲ್ಲಿ ಮುಖ್ಯವಾಗಿ ಬದಲಾಗುವುದು ಡಿಎನ್‌ಎಯ ಬರಹವಲ್ಲ; ಯಾವ ಜೀನನ್ನು ಓದಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವ ಮೀಥೈಲ್‌ನಂಥ ಗುರುತುಗಳು. ಅವೂ ಪೂರ್ತಿ ಅಳಿಸುವುದಿಲ್ಲ. ರಕ್ತದಿಂದ ಬಂದ ಇಲಿಯ ಆಕರಕೋಶಗಳು ಮತ್ತೆ ರಕ್ತವಾಗಲು ಹೆಚ್ಚು ಒಲವು ತೋರುತ್ತವೆಂದು 2010ರಲ್ಲಿ ಗೊತ್ತಾಯಿತು. ಮರುವರ್ಷ ಮನುಷ್ಯರ ಕೋಶಗಳಲ್ಲೂ ಹಳೆಯ ಗುರುತುಗಳು ಉಳಿದಿರುವುದು ಕಂಡಿತು.

ಅಪ್ಪ ಕುಡಿತ ಬಿಟ್ಟು ಒಂಬತ್ತು ವರ್ಷವಾಯಿತು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಒಂದು ರಾತ್ರಿ ಅವರು ತಡವಾಗಿ ಬಂದರು. ಬಾಗಿಲು ತೆಗೆದ ನಾನು ಅರಿವಿಲ್ಲದೆ ಉಸಿರೆಳೆದು ವಾಸನೆ ನೋಡಿದೆ. ‘ಡೈರಿಯಲ್ಲಿ ಮೀಟಿಂಗ್ ಇತ್ತು ಕಣಮ್ಮ’ ಎಂದರು. ನಾನು ಏನನ್ನೂ ಕೇಳಿರಲಿಲ್ಲ.

ಕೋಶ ಪಶ್ಚಾತ್ತಾಪ ಪಡುವುದಿಲ್ಲ, ಮಾತು ಕೊಡುವುದಿಲ್ಲ. ಅದನ್ನು ತೋರಿಸಿ ಮನುಷ್ಯರಿಗೆ ನೀತಿ ಹೇಳಲಾಗದು. ಆದರೆ ಕೋಶದ ಬಗ್ಗೆ ತೀರ್ಪು ಕೊಡುವವರು ನಾವು. ಆ ತೀರ್ಪಿನ ರೀತಿಯನ್ನು ನೋಡಬಹುದು. ಭ್ರೂಣದ ಮೂರೂ ಪದರಗಳ ಕೋಶಗಳಾಗಬಲ್ಲದೇ, ಕ್ರೋಮೋಸೋಮುಗಳು ಸರಿಯಿವೆಯೇ ಎಂದು ಪರೀಕ್ಷಿಸುತ್ತೇವೆ. ಒಂದೆರಡು ಹಳೆಯ ಗುರುತು ಕಂಡಿತೆಂದು ಮಾತ್ರಕ್ಕೆ ಎಸೆಯುವುದಿಲ್ಲ. ರೋಗಿಯ ದೇಹಕ್ಕೆ ಸೇರಿಸುವುದಾದರೆ ತಪಾಸಣೆ ಇನ್ನೂ ಬಿಗಿಯಾಗುತ್ತದೆ. ಅದು ನ್ಯಾಯವೇ, ಎಡವಿದರೆ ಪ್ರಾಣ ರೋಗಿಯದು.

ಮೊದಲ ವರ್ಷಗಳಲ್ಲಿ ಸಂಬಳದ ದಿನ ಅಮ್ಮ ಅಪ್ಪನ ಜೇಬು ನೋಡುತ್ತಿದ್ದದ್ದು ಇಂಥ ತಪಾಸಣೆ. ಪೆಟ್ಟು ತಿಂದವಳು ಅವಳು. ಆ ಹಕ್ಕು ಅವಳಿಗಿತ್ತು. ಎಂದೋ ಒಂದು ದಿನ ಅವಳೇ ಅದನ್ನು ನಿಲ್ಲಿಸಿದಳು. ನನ್ನ ತಪಾಸಣೆಗೆ ಮಾತ್ರ ಕೊನೆಯಿಲ್ಲ. ಎಷ್ಟು ವರ್ಷಕ್ಕೆ ಪಾಸು ಎಂದು ನಾನು ಅಪ್ಪನಿಗೆ ಹೇಳಿಯೇ ಇಲ್ಲ. ಏನೂ ನಡೆದೇ ಇಲ್ಲ ಎಂಬಷ್ಟು ಸ್ವಚ್ಛವಾಗಿರಲಿ ಎಂದು ಬಯಸುತ್ತಿದ್ದೇನೆ. ಅಷ್ಟನ್ನು ನಾವು ಕೋಶದಿಂದಲೂ ಕೇಳುವುದಿಲ್ಲ.

ಮುಂದಿನ ಸಲ ಬಾಗಿಲು ತೆಗೆದಾಗ ‘ಊಟ ಬಡಿಸಲಾ’ ಎಂದಷ್ಟೇ ಕೇಳಬೇಕು. ಆಗಲೂ ಮೂಗು ತಾನಾಗಿ ಅರಳಬಹುದು. ಅದು ನನ್ನೊಳಗೆ ಉಳಿದ ಗುರುತು. ಅದನ್ನು ಅಳಿಸುವ ಹೊಣೆ ಅಪ್ಪನದಲ್ಲ.