ಗರ್ಭಗುಡಿಯ ಧೂಪ, ಎಲ್ಲೆಯ ಬೀಡಿ

ಷೋಡಶೋಪಚಾರಗಳಲ್ಲಿ ಧೂಪಕ್ಕೆ ಸ್ಥಾನವುಂಟು, ಹೊಗೆಸೊಪ್ಪಿಗೆ ಇಲ್ಲ. ಇರುವುದಾದರೂ ಹೇಗೆ? ಅದು ಅಮೆರಿಕಾ ಖಂಡದ ಸಸ್ಯ; 1510ರಲ್ಲಿ ಗೋವೆಯನ್ನು ಗೆದ್ದ ಪೋರ್ಚುಗೀಜರ ಹಡಗುಗಳೊಡನೆ ಬಳಿಕ ಈ ಕರಾವಳಿಗೆ ಬಂದುದು. ಆದರೂ ಗೋವೆಯ ಗ್ರಾಮಗಳಲ್ಲಿ ಎಲ್ಲೆ ಕಾಯುವ ದೇವಚಾರನಿಗೆ ರೊಟ್ಟಿ, ಸೆರೆಗಳೊಡನೆ ಬೀಡಿಯನ್ನೂ ಒಪ್ಪಿಸುವ ವಾಡಿಕೆಯಿದೆ. ಕಂಬಳಿ ಹೊದ್ದು, ಕೋಲು ಹಿಡಿದು, ಇರುಳಿನಲ್ಲಿ ದಾರಿ ತಪ್ಪಿದವರನ್ನು ಮನೆ ಮುಟ್ಟಿಸುವವನು ಅವನೆಂದು ಜನರ ನಂಬಿಕೆ. ನಿದ್ದೆಗೆಟ್ಟು ಕಾಯುವವನಿಗೆ ಒಕ್ಕಲಿಗನು ತಾನು ಸೇದುವುದನ್ನೇ ಹಂಚಿಕೊಟ್ಟನು, ಇದರಲ್ಲಿ ಅಪಚಾರವೇನು? ಜೀರ್ಣೋದ್ಧಾರದ ಉತ್ಸಾಹದಲ್ಲಿ ಅವನ ಕಲ್ಲನ್ನು ಕಿತ್ತು, ಕಾಣಿಕೆಯನ್ನು ಅನಾಚಾರವೆಂದು ನಿಲ್ಲಿಸಹೊರಡುವವರು ಊರಿನ ಋಣವನ್ನೇ ಮರೆತವರು. ಹಾಗೆಂದು ಹೊಗೆಸೊಪ್ಪಿನ ಚೂರೊಂದೂ ಒಳಗಿನ ಧೂಪಾರತಿಗೆ ಬೆರೆಯಲಾಗದು.

ಒಳಗಿನದಕ್ಕೆ ಗುಗ್ಗುಳ, ಘಟ್ಟದ ಹಾಲುಮಡ್ಡಿ, ಚಂದನದ ಪುಡಿ, ತುಸು ತುಪ್ಪ ಸಾಕು. ಅಗ್ಗದ ಊದುಬತ್ತಿಗಳಲ್ಲಿ ಅನೇಕವು ಇದ್ದಿಲ ಪುಡಿಗೆ ಕೃತಕ ಪರಿಮಳ ತಗುಲಿಸಿದವು. ಕಣ್ಣುರಿಸುವ ಆ ಹೊಗೆಯನ್ನು ದೇವರ ಹೆಸರಿನಲ್ಲಿ ಅರ್ಚಕರು ಕುಡಿಯಬೇಕಾಗುತ್ತದೆ. ಗುಗ್ಗುಳದ ವಿಷಯದಲ್ಲಿ ಇನ್ನೊಂದು ಎಚ್ಚರ: ರಾಜಸ್ಥಾನ, ಗುಜರಾತುಗಳ ಬರಡು ನೆಲದ ಆ ಗಿಡವು ಅಂಟಿಗಾಗಿ ಅತಿಯಾಗಿ ಗಾಯಗೊಂಡು ಇಂದು ವಿನಾಶದ ಅಂಚಿನಲ್ಲಿದೆ. ಕೆಂಡದ ಮೇಲೆ ಚಿಟಿಕೆಯಷ್ಟು ಬಿದ್ದರೂ ಗರ್ಭಗುಡಿ ತುಂಬುತ್ತದೆ. ಹಿಡಿಹಿಡಿಯಾಗಿ ಸುರಿಯುವುದು ಬೇಡ.