ಸೂಜಿಯ ಪ್ರೀತಿಯೂ ಸೂಜಿಯ ಕೂಲಿಯೂ

ಒಬ್ಬಳು ಮನಸಾರೆ ಪ್ರೀತಿಸಿ ಮಾಡುವ ಕೆಲಸಕ್ಕೆ, ಆ ಪ್ರೀತಿಯ ನಿಮಿತ್ತವೇ ಕೂಲಿಯನ್ನು ಕಡಿಮೆ ಕೊಡುವದು ನ್ಯಾಯವೋ? ಕೇಳುವಾಗ ಇದು ಅಲ್ಪ ಪ್ರಶ್ನೆಯಾಗಿ ತೋರೀತು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿ ಕೌದಿಯಿಲ್ಲದ ಮನೆಯು ವಿರಳ. ಆದದರಿಂದ ಇದು ನಮ್ಮ ಮನೆಯೊಳಗಣ ಪ್ರಶ್ನೆಯೇ ಆಗಿರುವದು.

ಕೌದಿಯ ವಿದ್ಯೆಗೆ ಶಾಲೆಯಿಲ್ಲ. ಮುದುಕಿಯ ಕಣ್ಣು ಮಂಜಾದಾಗ ಸೂಜಿಗೆ ದಾರ ಪೋಣಿಸುವದಕ್ಕೆ ಮೊಮ್ಮಗಳನ್ನು ಕರೆಯುವಳು. ಪಾಠವು ಅಲ್ಲಿಂದಲೇ ಪ್ರಾರಂಭ. ಹಳೇ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ನಡುವಿಗೆ ಸಾಲುಸಾಲಾಗಿ ಹೊಲಿಯುತ್ತ ಬರುವಾಗ ಹುಡುಗಿಗೂ ಒಂದು ಮೂಲೆಯನ್ನು ಬಿಟ್ಟುಕೊಡುವರು. ಅವಳ ಹೊಲಿಗೆ ಸೊಟ್ಟಗಾದರೆ ಬಿಚ್ಚುವರು. ಬಿಚ್ಚದೆ ಹಾಗೆಯೇ ಬಿಡುವ ಅಜ್ಜಿಯರೂ ಉಂಟು; ಇವರೇ ಉತ್ತಮ ಉಪಾಧ್ಯಾಯಿನಿಯರೆಂದು ನನ್ನ ಅಭಿಪ್ರಾಯ. ಎಂಟು ಹತ್ತು ವರ್ಷದ ಪ್ರಾಯದಲ್ಲಿ ಹತ್ತಿದ ಆ ಅಭಿರುಚಿಯು ಮುಪ್ಪಿನ ತನಕ ಬಿಡದು. ಸುಗ್ಗಿ ಮುಗಿದ ಮೇಲೆ ಮಧ್ಯಾಹ್ನದ ನೆರಳಿನಲ್ಲಿ ನಾಲ್ವರು ಕೂಡಿ ಹೊಲಿಯುವಾಗ ಅದು ದುಡಿತವೋ ವಿಶ್ರಾಂತಿಯೋ ಎಂದು ವಿಂಗಡಿಸುವದು ಅಸಾಧ್ಯ.

ಇಲ್ಲಿಯೇ ಅನ್ಯಾಯವು ನುಸುಳುವದು. ಕೂಲಿಗೆ ಕೌದಿ ಹೊಲಿಯುವವಳಿಗೆ, “ಕೂತಲ್ಲೇ ಮಾಡೂ ಕೆಲಸವ್ವಾ, ನಿನಗೂ ಅದರಾಗ ಖುಷಿ ಅದ, ಇಷ್ಟ್ಯಾಕ ಕೇಳ್ತಿ?” ಎನ್ನುವರು. ಪೇಟೆಯಲ್ಲಿ ಯಂತ್ರ ತುಳಿಯುವ ಸಿಂಪಿಗನಿಗೂ ತನ್ನ ಕಸಬಿನ ಮೇಲೆ ಪ್ರೀತಿಯುಂಟಷ್ಟೆ. ಅವನಿಗೆ ಈ ಮಾತನ್ನು ಯಾರು ಹೇಳುವರು? ಸೊಲ್ಲಾಪುರದ ಚಾದರವನ್ನು ಅಂಗಡಿಯ ಕ್ರಯಕ್ಕೆ ಕೊಂಡು ಬರುವವರೇ ಕೌದಿಯವಳ ಮುಂದೆ ಹತ್ತು ಇಪ್ಪತ್ತು ರೂಪಾಯಿಗೆ ವಾದಿಸುವರು.

ತಾಂಡಾಗಳ ಲಂಬಾಣಿ ಸ್ತ್ರೀಯರ ಸಂಗತಿಯೂ ಇದಕ್ಕೆ ಸಮೀಪವಾಗಿದೆ. ಕನ್ನಡಿ, ಕವಡೆಗಳನ್ನು ಕೂಡಿಸಿ ಹೊಲಿಯುವ ಅವರ ಕಸೂತಿಯನ್ನು ಮಗಳು ತಾಯಿಯಿಂದಲೇ ಕಲಿಯುವಳು. 2023ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ-20 ಸಭೆ ಕೂಡಿದಾಗ, ಸಂಡೂರಿನ ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಸ್ತ್ರೀಯರ ಕೈಯಿಂದಾದ 1,755 ಕಸೂತಿಗಳ ಪ್ರದರ್ಶನಕ್ಕೆ ಗಿನ್ನೆಸ್ ದಾಖಲೆ ದೊರೆಯಿತು. ಅಲ್ಲಿ ಆ ಕೈಗಳಿಗೆ ಹೊಗಳಿಕೆಯ ಸಂಗಡ ಸಂಪಾದನೆಯೂ ಉಂಟು. ನಮ್ಮ ಸೀಮೆಯ ತಾಂಡಾಗಳಿಂದಲಾದರೋ ಅದೇ ವಿದ್ಯೆ ಬಲ್ಲ ಅನೇಕರು ಕೂಲಿಯನ್ನು ಹುಡುಕಿಕೊಂಡು ಗೋವೆಗೂ ಮಹಾರಾಷ್ಟ್ರಕ್ಕೂ ಗುಳೆ ಹೋಗುವರು.

ಪ್ರೀತಿಯ ಕೆಲಸವನ್ನು ಮಾರಲೇಬಾರದೆಂದು ಹೇಳುವವರಿದ್ದಾರೆ. ಮೊಮ್ಮಗುವಿಗೆ ಹೊಲಿದ ಕೌದಿಗೆ ಯಾವ ಅಜ್ಜಿಯೂ ಕ್ರಯ ಕಟ್ಟಳು, ನಿಜವೇ. ಯೊಪ್ಪದ ತಬಿಥಳು ತಾನು ಮಾಡಿದ ಅಂಗಿಗಳಿಗೆ ವಿಧವೆಯರಿಂದ ಹಣ ಕೇಳಿದಳೆಂದು ನಾವು ಓದುವದಿಲ್ಲ. ಆದರೆ ಕೊಟ್ಟವಳು ಆಕೆಯೇ. ಆಕೆಯ ಪ್ರೀತಿಯನ್ನು ನೆವಮಾಡಿ ಬೇರೊಬ್ಬರು ಕಿತ್ತುಕೊಂಡದ್ದಲ್ಲ. ಕೂಲಿಗೆ ಬಂದವಳು ದಾನ ಮಾಡುವದಕ್ಕೆ ಬಂದವಳಲ್ಲ. ಕೌದಿ ಹೊಲಿಸುವವರು ಅದಕ್ಕೆ ಎಷ್ಟು ದಿನ ಹಿಡಿಯುವದೆಂದು ಮೊದಲೇ ಕೇಳಿಕೊಂಡು, ಅಷ್ಟು ದಿನ ತಮ್ಮ ಹೊಲದಲ್ಲಿ ಕಳೆ ತೆಗೆಸಿದರೆ ಏನು ಕೊಡಬೇಕಾಗುತ್ತಿತ್ತೋ ಅದನ್ನಾದರೂ ಎಣಿಸಿ ನೋಡಲಿ.